ಜೇಡಿಮಣ್ಣಿನ ಬೆಳ್ಳಿ

ಪಾತ್ರೆಪರಡಿಗಳ ಲೋಕದಲ್ಲಿಯೂ ಅಂತಸ್ತಿನ ತಾರತಮ್ಯವುಂಟು. ಬೆಳ್ಳಿಯ ಬಟ್ಟಲಿಗೆ ಕಪಾಟಿನಲ್ಲಿ ಬೀಗದ ಕಾವಲು. ತಾಮ್ರದ ಪಂಚಪಾತ್ರೆಗೆ ದೇವರ ಮನೆಯಲ್ಲಿ ಮಡಿಯ ಸ್ಥಾನ. ಹಿತ್ತಾಳೆಯ ಕೊಳಗದ ಮೇಲೆ ಅಜ್ಜಿಯ ಹೆಸರು ಕೆತ್ತಿದ್ದರಂತೂ ಅದು ಮನೆತನದ ಅಭಿಮಾನದ ವಸ್ತು. ಸ್ಟೀಲಿನ ಪಾತ್ರೆಗಳು ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಉಡುಗೊರೆಯಾಗಿ ಬರುತ್ತವೆ. ಆದರೆ ಮದುವೆಯ ಮನೆಗೆ ಅಲ್ಯೂಮಿನಿಯಂ ಡಬರಿಯನ್ನು ಉಡುಗೊರೆಯಾಗಿ ಕೊಂಡೊಯ್ದವರು ಬಹಳ ವಿರಳ. ಅದು ಅಗ್ಗ, ಹಗುರ, ಕೈತಪ್ಪಿ ಬಿದ್ದರೆ ಸೊಟ್ಟಗಾಗುವಂಥದು ಎಂಬ ತಾತ್ಸಾರ ಎಲ್ಲರಲ್ಲಿಯೂ ಇದೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಇಂದಿಗೂ ‘ಜರ್ಮನ್ ಪಾತ್ರೆ’ ಎಂದು ಕರೆಯಿಸಿಕೊಳ್ಳುವ ಈ ಲೋಹಕ್ಕೆ ಮೂಲೆಯ ಸ್ಥಾನವೇ ಗತಿ.

ಆದರೆ ಇದೇ ಲೋಹ ಒಂದು ಕಾಲದಲ್ಲಿ ಚಕ್ರವರ್ತಿಯ ಕಣ್ಣನ್ನು ಸೆಳೆದಿತ್ತು. ಇಂದು ಅದು ಅಡಿಗೆಮನೆಯ ಕುಕ್ಕರಿನಿಂದ ಆಕಾಶದ ವಿಮಾನದವರೆಗೆ, ಮಾತ್ರೆಯ ಹೊದಿಕೆಯಿಂದ ರಾಕೆಟ್ಟಿನ ಇಂಧನದವರೆಗೆ ವ್ಯಾಪಿಸಿದೆ. ಇದು ನಿಜವಾಗಿಯೂ ಅಗ್ಗದ ಲೋಹವೇ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಎಲ್ಲೆಲ್ಲಿಯೂ ಇದ್ದು ಕಾಣಸಿಗದ ಲೋಹ

ಭೂಮಿಯ ಹೊರಪದರದಲ್ಲಿ ತೂಕದ ಲೆಕ್ಕದಿಂದ ನೂರಕ್ಕೆ ಸುಮಾರು 8 ಪಾಲು ಅಲ್ಯೂಮಿನಿಯಂ ಇದೆ. ಅಲ್ಲಿ ಬೇರಾವ ಲೋಹವೂ, ಕಬ್ಬಿಣವೂ ಕೂಡ, ಇಷ್ಟು ಹೇರಳವಾಗಿಲ್ಲ. ಕುಂಬಾರನ ತಿಗರಿಯ ಮೇಲಿನ ಜೇಡಿಮಣ್ಣಿನಲ್ಲಿ, ಮನೆಯ ಹೆಂಚಿನಲ್ಲಿ, ಇಟ್ಟಿಗೆಯಲ್ಲಿ ಅದು ಅಡಗಿದೆ. ಮಾಣಿಕ್ಯ, ನೀಲಮಣಿಗಳೂ ಬಹುತೇಕ ಅಲ್ಯೂಮಿನಿಯಮ್ಮಿನ ಆಕ್ಸೈಡುಗಳೇ. ಕ್ಷೌರಿಕರ ಪೆಟ್ಟಿಗೆಯಲ್ಲಿ ಇರುತ್ತಿದ್ದ, ಬಗ್ಗಡದ ನೀರನ್ನು ತಿಳಿಯಾಗಿಸುವ ಪಟಿಕದಲ್ಲಿಯೂ ಅದು ಇದೆ. ಪಟಿಕದ ಲ್ಯಾಟಿನ್ ಹೆಸರಿನಿಂದಲೇ ಈ ಲೋಹಕ್ಕೆ ಹೆಸರು ಬಂದಿತು.

ಹೀಗೆ ಕಾಲಿನ ಕೆಳಗೇ ಬಿದ್ದಿದ್ದರೂ ಸಾವಿರಾರು ವರ್ಷಗಳ ಕಾಲ ಮನುಷ್ಯನಿಗೆ ಇದರ ಪರಿಚಯವಾಗಲಿಲ್ಲ. ಇದಕ್ಕೆ ಕಾರಣ ಆಮ್ಲಜನಕದೊಡನೆ ಇದಕ್ಕಿರುವ ಗಾಢವಾದ ನಂಟು. ಕಬ್ಬಿಣದ ಅದಿರನ್ನು ಇದ್ದಿಲಿನೊಡನೆ ಕಾಯಿಸಿದರೆ ಇದ್ದಿಲು ಆಮ್ಲಜನಕವನ್ನು ಸೆಳೆದುಕೊಂಡು ಕಬ್ಬಿಣವನ್ನು ಬಿಟ್ಟುಕೊಡುತ್ತದೆ. ಈ ವಿದ್ಯೆ ಹಳ್ಳಿಯ ಕಮ್ಮಾರನಿಗೂ ತಿಳಿದಿತ್ತು. ಅಲ್ಯೂಮಿನಿಯಂ ಮಾತ್ರ ಅಂಥ ಕುಲುಮೆಗೆ ಜಗ್ಗುವಂಥದಲ್ಲ.

1825ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಏರ್ಸ್ಟೆಡ್ ಮೊಟ್ಟಮೊದಲಿಗೆ ಈ ಲೋಹದ ಚೂರನ್ನು ಬೇರ್ಪಡಿಸಿದನು. ಎರಡು ವರ್ಷಗಳ ತರುವಾಯ ಜರ್ಮನಿಯ ವೂಲರ್ ಇದರ ಪುಡಿಯನ್ನು ತಯಾರಿಸಿದನು. 1854ರಲ್ಲಿ ಫ್ರಾನ್ಸಿನ ಸೇಂಟ್ ಕ್ಲೇರ್ ಡವಿಲ್ ಸೋಡಿಯಮ್ಮಿನ ಸಹಾಯದಿಂದ ಗಟ್ಟಿಗಳನ್ನೇ ತೆಗೆಯುವ ವಿಧಾನವನ್ನು ರೂಪಿಸಿದನು. ಮೂರನೆಯ ನೆಪೋಲಿಯನ್ ಚಕ್ರವರ್ತಿ ಈ ಸಂಶೋಧನೆಗೆ ಧನಸಹಾಯವಿತ್ತನು. ಹಗುರವಾದ ಲೋಹದಿಂದ ಸೈನಿಕರ ಸಲಕರಣೆಗಳನ್ನು ಮಾಡಿಸಬೇಕೆಂಬುದು ಅವನ ಆಸೆ. 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅಲ್ಯೂಮಿನಿಯಂ ಗಟ್ಟಿಗಳನ್ನು ಇಟ್ಟಾಗ ಜನ ಅದನ್ನು ‘ಜೇಡಿಮಣ್ಣಿನ ಬೆಳ್ಳಿ’ ಎಂದು ಬೆರಗಾಗಿ ನೋಡಿದರು. ಚಕ್ರವರ್ತಿಯ ಔತಣಗಳಲ್ಲಿ ಅತಿ ಗಣ್ಯರಿಗೆ ಮಾತ್ರ ಅಲ್ಯೂಮಿನಿಯಮ್ಮಿನ ಚಮಚಗಳು, ಉಳಿದವರಿಗೆ ಚಿನ್ನದ ಚಮಚಗಳು ಎಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಕಥೆ ಎಷ್ಟು ನಿಜವೋ, ಆ ಲೋಹದ ದುಬಾರಿತನವಂತೂ ನಿಜ. 1884ರಲ್ಲಿ ಅಮೆರಿಕದ ರಾಜಧಾನಿಯ ವಾಷಿಂಗ್ಟನ್ ಸ್ಮಾರಕಸ್ತಂಭದ ತುದಿಗೆ ಕಳಶವಾಗಿ ಇರಿಸಿದ್ದು ಮೂರು ಕಿಲೋಗ್ರಾಮಿಗೂ ಕಡಿಮೆ ತೂಕದ ಒಂದು ಪುಟ್ಟ ಅಲ್ಯೂಮಿನಿಯಂ ಶಿಖರವನ್ನು.

ಇಬ್ಬರು ಯುವಕರು, ಒಂದೇ ವರ್ಷ

ಇದಾದ ಎರಡೇ ವರ್ಷಗಳಲ್ಲಿ ಚಿತ್ರ ಬದಲಾಯಿತು. ಅಮೆರಿಕದ ಓಹಾಯೊ ಪ್ರಾಂತದ ಓಬರ್ಲಿನ್ ಎಂಬ ಊರಿನಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ 22 ವರ್ಷದ ತರುಣನು ಮನೆಯ ಸೌದೆಕೊಟ್ಟಿಗೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡಿದ್ದನು. ರಸಾಯನಶಾಸ್ತ್ರವನ್ನೇ ಓದಿದ್ದ ಅಕ್ಕ ಜೂಲಿಯಾ ಅವನ ಪ್ರಯೋಗಗಳಿಗೆ ಸಾಕ್ಷಿಯಾಗಿದ್ದಳು. 1886ರ ಫೆಬ್ರವರಿ 23ರಂದು ಆತ ಕರಗಿದ ಕ್ರಯೋಲೈಟ್ ಎಂಬ ಖನಿಜದಲ್ಲಿ ಅಲ್ಯೂಮಿನವನ್ನು, ಎಂದರೆ ಅಲ್ಯೂಮಿನಿಯಮ್ಮಿನ ಆಕ್ಸೈಡನ್ನು, ಬೆರೆಸಿ ವಿದ್ಯುತ್ತನ್ನು ಹಾಯಿಸಿದನು. ತಳದಲ್ಲಿ ಬೆಳ್ಳಗಿನ ಲೋಹದ ಗುಂಡುಗಳು ಕಾಣಿಸಿಕೊಂಡವು. ಅದೇ ವರ್ಷ, ಅಟ್ಲಾಂಟಿಕ್ ಸಾಗರದಾಚೆ ಫ್ರಾನ್ಸಿನಲ್ಲಿ, ಹಾಲನ ಸುದ್ದಿಯೇ ತಿಳಿಯದ ಪಾಲ್ ಎರೂ ಎಂಬ ಇನ್ನೊಬ್ಬ ತರುಣನೂ ಇದೇ ವಿಧಾನವನ್ನು ಕಂಡುಹಿಡಿದನು. ವಿಚಿತ್ರವೆಂದರೆ ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡದ್ದು 1914ರಲ್ಲಿ. ಇಂದಿಗೂ ಪ್ರಪಂಚದ ಅಲ್ಯೂಮಿನಿಯಂ ಕಾರ್ಖಾನೆಗಳಲ್ಲಿ ನಡೆಯುತ್ತಿರುವುದು ಈ ಹಾಲ್-ಎರೂ ವಿಧಾನವೇ.

1888ರ ಸುಮಾರಿಗೆ ಆಸ್ಟ್ರಿಯದ ಕಾರ್ಲ್ ಬಾಯರ್ ಅದಿರಿನಿಂದ ಶುದ್ಧವಾದ ಅಲ್ಯೂಮಿನವನ್ನು ತೆಗೆಯುವ ಬಗೆಯನ್ನು ಕಂಡುಹಿಡಿದನು. ಆ ಅದಿರೇ ಬಾಕ್ಸೈಟು. ಕರಾವಳಿಯವರು ಮುರಕಲ್ಲೆಂದು ಕರೆಯುವ ಜಂಬಿಟ್ಟಿಗೆಯ ಹತ್ತಿರದ ನಂಟ ಇದು. ಮಳೆ ಬಿಸಿಲುಗಳಿಗೆ ಲಕ್ಷಾಂತರ ವರ್ಷ ಮೈಯೊಡ್ಡಿದ ಬೆಟ್ಟಗಳ ನೆತ್ತಿಯಲ್ಲಿ ಇಂಥ ಕಲ್ಲು ರೂಪುಗೊಳ್ಳುತ್ತದೆ. ಬಾಕ್ಸೈಟನ್ನು ಪುಡಿಮಾಡಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಅಲ್ಯೂಮಿನಿಯಮ್ಮಿನ ಅಂಶ ಕರಗಿ ಬರುತ್ತದೆ. ಅದನ್ನು ಸೋಸಿ, ಹರಳುಗಟ್ಟಿಸಿ, ಸುಟ್ಟರೆ ಬಿಳಿಯ ಪುಡಿಯಾದ ಅಲ್ಯೂಮಿನ ದೊರೆಯುತ್ತದೆ. ಸುಮಾರು 4 ಟನ್ ಬಾಕ್ಸೈಟಿನಿಂದ 2 ಟನ್ ಅಲ್ಯೂಮಿನ, 2 ಟನ್ ಅಲ್ಯೂಮಿನದಿಂದ 1 ಟನ್ ಲೋಹ ಎಂಬುದು ಸ್ಥೂಲವಾದ ಲೆಕ್ಕ.

ಪಾತ್ರೆಯೊಳಗಿನ ವಿದ್ಯುತ್ತು

ಈ ಲೆಕ್ಕದ ಕೊನೆಯ ಮೆಟ್ಟಿಲಿನಲ್ಲಿಯೇ ನಿಜವಾದ ಖರ್ಚು ಅಡಗಿರುವುದು. ಅಲ್ಯೂಮಿನವನ್ನು ಹಾಗೆಯೇ ಕರಗಿಸಬೇಕಾದರೆ 2000 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕ ಶಾಖ ಬೇಕು. ಕರಗಿದ ಕ್ರಯೋಲೈಟಿನಲ್ಲಾದರೆ ಅದು ಸುಮಾರು 960 ಡಿಗ್ರಿಯಲ್ಲಿಯೇ ಕರಗುತ್ತದೆ. ಆ ಕುದಿಯುವ ತೊಟ್ಟಿಗೆ ಇಂಗಾಲದ ದಿಮ್ಮಿಗಳ ಮೂಲಕ ಲಕ್ಷಾಂತರ ಆಂಪಿಯರುಗಳ ವಿದ್ಯುತ್ಪ್ರವಾಹವನ್ನು ಹಗಲಿರುಳು ಹಾಯಿಸಬೇಕು. ಆಮ್ಲಜನಕ ಇಂಗಾಲದೊಡನೆ ಸೇರಿ ಹೊರಟುಹೋಗುತ್ತದೆ. ಲೋಹ ತಳದಲ್ಲಿ ನಿಲ್ಲುತ್ತದೆ. ವಿದ್ಯುತ್ತು ಕೆಲವು ಗಂಟೆಗಳ ಕಾಲ ನಿಂತುಹೋದರೂ ತೊಟ್ಟಿಯಲ್ಲಿರುವುದೆಲ್ಲ ಹೆಪ್ಪುಗಟ್ಟಿ, ಕಾರ್ಖಾನೆಗೆ ಅಪಾರ ನಷ್ಟವುಂಟಾಗುತ್ತದೆ.

ಹೀಗೆ ಒಂದು ಕಿಲೋಗ್ರಾಂ ಅಲ್ಯೂಮಿನಿಯಮ್ಮನ್ನು ಪಡೆಯಲು ಸುಮಾರು 14 ಯೂನಿಟ್ ವಿದ್ಯುತ್ತು ವ್ಯಯವಾಗುತ್ತದೆ. 40 ವ್ಯಾಟಿನ ಒಂದು ದೀಪವನ್ನು ಸಂಜೆ ಐದು ಗಂಟೆಗಳಂತೆ ಎಪ್ಪತ್ತು ದಿನ ಉರಿಸಲು ಇಷ್ಟು ವಿದ್ಯುತ್ತು ಸಾಕು. ಮೂಲೆಯಲ್ಲಿ ಸೊಟ್ಟಗಾಗಿ ಕುಳಿತಿರುವ ಒಂದು ಕಿಲೋಗ್ರಾಂ ತೂಕದ ಡಬರಿಯ ಬೆಲೆಯನ್ನು ಈ ದೃಷ್ಟಿಯಿಂದ ನೋಡಿದರೆ, ಅದು ಎಪ್ಪತ್ತು ಸಂಜೆಗಳ ಬೆಳಕನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ ಎನ್ನಬೇಕು.

ಈ ಮಾತು ಬರಿಯ ಅಲಂಕಾರವಲ್ಲ. ಲೋಹವನ್ನು ಆಮ್ಲಜನಕದಿಂದ ಬಿಡಿಸಲು ವಿನಿಯೋಗವಾದ ಶಕ್ತಿಯ ದೊಡ್ಡ ಪಾಲು ಅದು ಮತ್ತೆ ಆಮ್ಲಜನಕವನ್ನು ಸೇರಿದಾಗ ಶಾಖವಾಗಿ ಹಿಂದಿರುಗುತ್ತದೆ. ದೀಪಾವಳಿಯ ಸುರುಸುರು ಬತ್ತಿಯ ಬೆಳ್ಳಿಬೆಳಕಿಗೆ ಅಲ್ಯೂಮಿನಿಯಂ ಪುಡಿ ಕಾರಣ. ರೈಲುಹಳಿಗಳನ್ನು ಸ್ಥಳದಲ್ಲಿಯೇ ಬೆಸೆಯುವ ಕೆಲಸಗಾರರು ಕಬ್ಬಿಣದ ಆಕ್ಸೈಡಿಗೆ ಇದೇ ಪುಡಿಯನ್ನು ಬೆರೆಸಿ ಹೊತ್ತಿಸುತ್ತಾರೆ. ಕ್ಷಣಾರ್ಧದಲ್ಲಿ ಕಬ್ಬಿಣ ನೀರಾಗಿ ಹರಿದು ಸಂದಿಯನ್ನು ತುಂಬುತ್ತದೆ. ಭಾರತದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಮೊದಲ ಹಂತದ ಘನ ಇಂಧನದಲ್ಲಿಯೂ ಅಲ್ಯೂಮಿನಿಯಂ ಪುಡಿ ಸೇರಿದೆ.

ಕಾರ್ಖಾನೆಗಳು ವಿದ್ಯುತ್ತನ್ನು ಅರಸಿಕೊಂಡು ಹೋಗುವುದಕ್ಕೂ ಇದೇ ಕಾರಣ. ಭಾರತದಲ್ಲಿ ಮೊದಲು ಬಂದದ್ದು ಪಾತ್ರೆ ತಯಾರಿಕೆ. ಮದರಾಸಿನ ಕಲಾಶಾಲೆಯಲ್ಲಿ 1898ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬಾತ ಹೊರದೇಶದ ತಗಡನ್ನು ತರಿಸಿ ಪಾತ್ರೆಗಳನ್ನು ಮಾಡಿಸಲು ಆರಂಭಿಸಿದನು. ಆತನೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕನಾಗಿ ಬಂದನು. ಲೋಹವನ್ನು ತೆಗೆಯುವ ಕೆಲಸ ಮಾತ್ರ ಜಲವಿದ್ಯುತ್ತು ಬರುವ ತನಕ ಕಾಯಬೇಕಾಯಿತು. ಪಳ್ಳಿವಾಸಲಿನ ವಿದ್ಯುತ್ತನ್ನು ನಂಬಿ 1943ರಲ್ಲಿ ತಿರುವಾಂಕೂರಿನ ಆಲುವಾ ಬಳಿ ಒಂದು ಕಾರ್ಖಾನೆ ಕೆಲಸ ಮೊದಲುಮಾಡಿತು. ಊರಿಗೆ ಅಲುಪುರಂ ಎಂಬ ಹೆಸರೇ ಬಂದಿತು. 1959ರಲ್ಲಿ ಹಿರಾಕುಡ್ ಅಣೆಕಟ್ಟಿನ ಬಳಿ, 1962ರಲ್ಲಿ ರಿಹಂದ್ ಅಣೆಕಟ್ಟಿನ ಹತ್ತಿರದ ರೇಣುಕೂಟದಲ್ಲಿ ಕಾರ್ಖಾನೆಗಳು ತಲೆಯೆತ್ತಿದವು. ಕರ್ನಾಟಕದ ಬೆಳಗಾವಿಯಲ್ಲಿಯೂ ಅದಿರು ಸಂಸ್ಕರಣೆ ಹಾಗೂ ಲೋಹ ತಯಾರಿಕೆ ಎರಡೂ ನಡೆದವು. ಆದರೆ ವಿದ್ಯುತ್ತಿನ ಅಭಾವ ಮತ್ತು ದರಗಳ ಹೊಡೆತವನ್ನು ತಾಳಲಾರದೆ ಅಲ್ಲಿಯ ಲೋಹ ತೆಗೆಯುವ ವಿಭಾಗ ಮುಚ್ಚಿತು. ಅಲ್ಯೂಮಿನ ತಯಾರಿಕೆ ಮಾತ್ರ ಉಳಿದು ಬಂದಿದೆ. ಅದಿರಿದ್ದರೂ ವಿದ್ಯುತ್ತಿಲ್ಲದಿದ್ದರೆ ಅಲ್ಯೂಮಿನಿಯಂ ಇಲ್ಲ ಎಂಬುದಕ್ಕೆ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

ಆಕಾಶಕ್ಕೆ ಏರಿದ ಬಗೆ

ಇಷ್ಟು ದುಬಾರಿ ವಿದ್ಯುತ್ತನ್ನು ಸುರಿದು ಈ ಲೋಹವನ್ನು ತೆಗೆಯುವುದೇಕೆ? ಮೊದಲನೆಯ ಉತ್ತರ ಅದರ ಹಗುರತನ. ಒಂದು ಲೀಟರು ನೀರಿನಷ್ಟು ಗಾತ್ರದ ಅಲ್ಯೂಮಿನಿಯಂ 2.7 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಕಬ್ಬಿಣ 7.8, ತಾಮ್ರ 8.9 ಕಿಲೋಗ್ರಾಂ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ಎಂಜಿನ್ನಿನ ಒಡಲನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದರು.

ಆದರೆ ಶುದ್ಧ ಅಲ್ಯೂಮಿನಿಯಂ ಬಹಳ ಮೆದು. ಅದಕ್ಕೆ ಕಸುವು ಬಂದುದು ಒಂದು ಆಕಸ್ಮಿಕದಿಂದ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ ಮತ್ತು ಮೆಗ್ನೀಸಿಯಮ್ಮನ್ನು ಕೊಂಚ ಬೆರೆಸಿದ ಅಲ್ಯೂಮಿನಿಯಮ್ಮನ್ನು ಕಾಯಿಸಿ ನೀರಿನಲ್ಲಿ ಅದ್ದಿದನು. ಆಗ ಅದು ವಿಶೇಷ ಗಟ್ಟಿಯಾಗಿರಲಿಲ್ಲ. ಕೆಲವು ದಿನ ಬಿಟ್ಟು ಪರೀಕ್ಷಿಸಿದಾಗ, ಯಾರೂ ಮುಟ್ಟದೆ ಬಿದ್ದಿದ್ದ ಆ ತುಂಡು ತಾನಾಗಿಯೇ ಗಡುಸಾಗಿದ್ದುದು ಕಂಡುಬಂದಿತು. ಒಳಗೆ ತಾಮ್ರದ ಅತಿ ಸೂಕ್ಷ್ಮ ಕಣಗಳು ಗುಂಪುಗೂಡಿ, ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ ಎಂಬ ಕಾರಣ ಎಷ್ಟೋ ವರ್ಷಗಳ ಅನಂತರ ತಿಳಿಯಿತು. ಡ್ಯೂರಾಲುಮಿನ್ ಎಂಬ ಆ ಮಿಶ್ರಲೋಹ ಮತ್ತು ಅದರ ಸಂತತಿಯೇ ಲೋಹದ ವಿಮಾನಯುಗವನ್ನು ತಂದವು. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್.ಟಿ.-2 ತರಬೇತಿ ವಿಮಾನವೂ ಲೋಹದ ಮೈಯದೇ. ಇತ್ತೀಚಿನ ಕೆಲವು ದೊಡ್ಡ ವಿಮಾನಗಳಲ್ಲಿ ಇಂಗಾಲದ ನಾರಿನ ವಸ್ತುಗಳು ಅಲ್ಯೂಮಿನಿಯಮ್ಮಿನ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಆದರೂ ಅದರ ನಂಟು ಪೂರ್ಣವಾಗಿ ಕಡಿದಿಲ್ಲ. ನೆಲದ ಮೇಲೆ ಕಾರುಗಳ ಎಂಜಿನ್ನು, ಚಕ್ರ, ರೇಡಿಯೇಟರುಗಳಲ್ಲಿ ಅದು ಸೇರಿಕೊಂಡಿದೆ. 2022ರಲ್ಲಿ ಭಾರತದ ಮೊದಲ ಅಲ್ಯೂಮಿನಿಯಂ ಸರಕುಗಾಡಿಯ ಡಬ್ಬಿಗಳು ಭುವನೇಶ್ವರದಿಂದ ಹೊರಟವು. ಗಾಡಿಯ ಸ್ವಂತ ತೂಕ ಇಳಿದಷ್ಟೂ ಅದು ಹೊರಬಲ್ಲ ಸರಕು ಹೆಚ್ಚುತ್ತದೆ.

ತಂತಿಯ ಗುಣದೋಷ

ಊರಾಚೆ ಗೋಪುರದಿಂದ ಗೋಪುರಕ್ಕೆ ತೂಗುವ ವಿದ್ಯುತ್ ತಂತಿಗಳನ್ನು ತಾಮ್ರದವೆಂದು ಅನೇಕರು ಭಾವಿಸುವುದುಂಟು. ಅವು ಸಾಮಾನ್ಯವಾಗಿ ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳನ್ನು ಹೊಸೆದು ಮಾಡಿದ ಹಗ್ಗಗಳು. ಒಂದೇ ದಪ್ಪದ ತಂತಿಗಳನ್ನು ಹೋಲಿಸಿದರೆ ಅಲ್ಯೂಮಿನಿಯಂ ತಾಮ್ರದ ನೂರಕ್ಕೆ 61 ಪಾಲಿನಷ್ಟು ಮಾತ್ರ ವಿದ್ಯುತ್ತನ್ನು ಒಯ್ಯುತ್ತದೆ. ಒಂದೇ ತೂಕವನ್ನು ಹೋಲಿಸಿದರೆ ಅಲ್ಯೂಮಿನಿಯಮ್ಮಿನದು ತಾಮ್ರದ ಇಮ್ಮಡಿ. ತೂಗುಹಾಕಬೇಕಾದ ತಂತಿಗೆ ತೂಕದ ಲೆಕ್ಕವೇ ಮುಖ್ಯ.

ಮನೆಯೊಳಗಿನ ಮಾತು ಬೇರೆ. ಹಳೆಯ ಮನೆಗಳ ಗೋಡೆಯೊಳಗೆ ಅಲ್ಯೂಮಿನಿಯಂ ತಂತಿಗಳು ಈಗಲೂ ಇರುವುದುಂಟು. ಸ್ಕ್ರೂ ಬಿಗಿದ ಜಾಗದಲ್ಲಿ ಈ ಮೆದು ಲೋಹ ಕಾಲಕ್ರಮದಲ್ಲಿ ನಲುಗಿ ಸಡಿಲವಾಗುತ್ತದೆ. ಮೇಲ್ಮೈಯ ಆಕ್ಸೈಡು ವಿದ್ಯುತ್ತಿಗೆ ಅಡ್ಡಿಯಾಗುತ್ತದೆ. ಜಾಗ ಬಿಸಿಯಾಗಿ ಬೆಂಕಿಯ ಭಯವೂ ಉಂಟು. ಸ್ವಿಚ್ಚು, ಪ್ಲಗ್ಗುಗಳು ಬಿಸಿಯಾಗುತ್ತಿದ್ದರೆ ಬಲ್ಲ ಕೆಲಸಗಾರನಿಂದ ಪರೀಕ್ಷೆ ಮಾಡಿಸುವುದು ಕ್ಷೇಮ.

ಅಡಿಗೆಮನೆಯ ವಿವೇಕ

ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು. ಅಲ್ಯೂಮಿನಿಯಮ್ಮೂ ಗಾಳಿ ಸೋಕಿದ ಕ್ಷಣವೇ ಆಮ್ಲಜನಕವನ್ನು ಸೇರುತ್ತದೆ. ಆದರೆ ಹಾಗೆ ಉಂಟಾದ ಪೊರೆ, ಮಿಲಿಮೀಟರಿನ ಲಕ್ಷದ ಒಂದಂಶಕ್ಕಿಂತಲೂ ತೆಳುವಾಗಿದ್ದರೂ, ಗಾಜಿನಂತೆ ಗಟ್ಟಿ. ಒಳಗಿನ ಲೋಹಕ್ಕೆ ಅದೇ ಕವಚ. ವಿದ್ಯುತ್ತಿನ ಸಹಾಯದಿಂದ ಈ ಪೊರೆಯನ್ನು ದಪ್ಪಗೊಳಿಸಿದ ಪಾತ್ರೆಗಳೇ ಪೇಟೆಯಲ್ಲಿ ಆನೊಡೈಸ್ ಮಾಡಿದವು ಎಂದು ಮಾರಾಟವಾಗುವ ಕಪ್ಪು ಬಣ್ಣದ ಪಾತ್ರೆಗಳು.

ಈ ಪೊರೆಗೆ ಶತ್ರುಗಳು ಎರಡು: ಹುಳಿ ಮತ್ತು ಕ್ಷಾರ. ಹುಣಿಸೆಹುಳಿಯ ಸಾರು, ಟೊಮೇಟೊ ಗೊಜ್ಜು, ಮಜ್ಜಿಗೆ, ಉಪ್ಪಿನಕಾಯಿಗಳನ್ನು ಬರಿಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ಲೋಹದ ಅಂಶ ಆಹಾರಕ್ಕೆ ಇಳಿಯುತ್ತದೆ. ಅನ್ನ ಬೇಯಿಸಲು, ನೀರು ಕಾಯಿಸಲು ಅಂಥ ಅಡ್ಡಿಯಿಲ್ಲ. ಕುಕ್ಕರಿನ ಒಳಭಾಗ ಗಡಸು ನೀರಿನ ಕ್ಷಾರದಿಂದ ಕಪ್ಪಾಗುತ್ತದೆಂಬುದನ್ನು ಗೃಹಿಣಿಯರು ಬಲ್ಲರು. ಅದಕ್ಕಾಗಿ ಅವರು ತಳದ ನೀರಿಗೆ ಹಾಕುವ ಹುಣಿಸೆಯ ಚೂರು ಅಥವಾ ಹಿಂಡಿದ ನಿಂಬೆಯ ಸಿಪ್ಪೆ ಕ್ಷಾರವನ್ನು ಶಮನಮಾಡುವ ಸರಿಯಾದ ರಸಾಯನಶಾಸ್ತ್ರವೇ.

ದೇಹಕ್ಕೆ ಸೇರುವ ಅಲ್ಯೂಮಿನಿಯಮ್ಮಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2011ರಲ್ಲಿ ಒಂದು ಮಿತಿಯನ್ನು ಹೇಳಿದೆ: ವಾರಕ್ಕೆ, ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ 2 ಮಿಲಿಗ್ರಾಂ. ಆರೋಗ್ಯವಂತರ ಮೂತ್ರಪಿಂಡಗಳು ದೇಹಕ್ಕೆ ಸೇರಿದ ಅಲ್ಪಾಂಶವನ್ನು ಬಹುಪಾಲು ಹೊರಹಾಕುತ್ತವೆ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ಹೆಚ್ಚಿನ ಎಚ್ಚರ ವಹಿಸಬೇಕು. ಮರೆವಿನ ಕಾಯಿಲೆಗೆ ಈ ಪಾತ್ರೆಗಳೇ ಕಾರಣವೆಂಬ ಹೆದರಿಕೆ ಬಹುಕಾಲದಿಂದ ಹಬ್ಬಿದ್ದರೂ ಅದು ಸಿದ್ಧವಾಗಿಲ್ಲ. ಅದಕ್ಕಿಂತ ನಿಜವಾದ ಅಪಾಯ, ಯಾವ ಯಾವ ಗುಜರಿಯನ್ನೋ ಕರಗಿಸಿ ಎರಕ ಹೊಯ್ದ ಗುರುತಿಲ್ಲದ ಪಾತ್ರೆಗಳದು. ಅವುಗಳಲ್ಲಿ ಸೀಸದಂಥ ವಿಷಲೋಹ ಬೆರೆತಿರಬಹುದು. ಐ.ಎಸ್.ಐ. ಮುದ್ರೆಯನ್ನು ನೋಡಿ ಕೊಳ್ಳುವುದು ಜಾಣತನ.

ಬೆಟ್ಟದ ಋಣ

ಲೋಹದ ಬೆಲೆಯನ್ನು ತೆರುವವರು ವಿದ್ಯುತ್ತಿನ ಬಿಲ್ಲು ಕಟ್ಟುವವರು ಮಾತ್ರವಲ್ಲ. ಒಂದು ಟನ್ ಅಲ್ಯೂಮಿನ ತೆಗೆದರೆ ಸರಿಸುಮಾರು ಅಷ್ಟೇ ತೂಕದ ಕ್ಷಾರಯುಕ್ತ ಕೆಂಪು ಕೆಸರು ಉಳಿಯುತ್ತದೆ. 2010ರ ಅಕ್ಟೋಬರ್ 4ರಂದು ಹಂಗೆರಿಯ ಆಯ್ಕಾ ಎಂಬಲ್ಲಿ ಅಂಥ ಕೆಸರಿನ ಕಟ್ಟೆ ಒಡೆದು, ಊರುಗಳಿಗೆ ನುಗ್ಗಿ, ಹತ್ತು ಮಂದಿ ಸತ್ತರು. ಇತ್ತ ಒಡಿಶಾದಲ್ಲಿ ನಿಯಮಗಿರಿ ಬೆಟ್ಟದ ಬಾಕ್ಸೈಟನ್ನು ತೆಗೆಯುವ ಯೋಜನೆ ಬಂದಾಗ, ಆ ಬೆಟ್ಟವನ್ನೇ ದೇವರೆಂದು ಪೂಜಿಸುವ ಡೊಂಗ್ರಿಯಾ ಕೊಂಧರು ಒಪ್ಪಲಿಲ್ಲ. ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದು 2013ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶವಿತ್ತಿತು. ಅದೇ ವರ್ಷ ಹನ್ನೆರಡು ಗ್ರಾಮಸಭೆಗಳು ಸೇರಿ, ಹನ್ನೆರಡೂ ಬೇಡವೆಂದವು. ಇಂದು ಅಲ್ಯೂಮಿನಿಯಂ ಉತ್ಪಾದನೆಯಲ್ಲಿ ಚೀನದ ಅನಂತರದ ಸ್ಥಾನ ಭಾರತದ್ದು. ನೀರಿನ ಬಲವನ್ನು ನಂಬಿ ಹುಟ್ಟಿದ ಈ ಉದ್ಯಮ ಈಗ ಬಹುಮಟ್ಟಿಗೆ ಕಲ್ಲಿದ್ದಲಿನ ವಿದ್ಯುತ್ತನ್ನು ಅವಲಂಬಿಸಿದೆ. ಅದರ ಹೊಗೆಯೂ ಈ ಲೆಕ್ಕಕ್ಕೆ ಸೇರಬೇಕು.

ಗುಜರಿಯವನ ತಕ್ಕಡಿ

ಇಷ್ಟೆಲ್ಲ ಋಣವನ್ನು ಹೊತ್ತ ಲೋಹಕ್ಕೆ ಒಂದು ದೊಡ್ಡ ಪುಣ್ಯವಿದೆ. ಒಮ್ಮೆ ಆಮ್ಲಜನಕದಿಂದ ಬಿಡುಗಡೆ ಹೊಂದಿದ ಅಲ್ಯೂಮಿನಿಯಮ್ಮನ್ನು ಮತ್ತೆ ಆ ತೊಟ್ಟಿಗೆ ಇಳಿಸಬೇಕಾಗಿಲ್ಲ. 660 ಡಿಗ್ರಿಯಲ್ಲಿ ಕರಗಿಸಿದರೆ ಸಾಕು, ಹೊಸ ಲೋಹ ಸಿದ್ಧ. ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಇದಕ್ಕೆ ಸಾಕು. ಹಿಂದಿನ ಲೆಕ್ಕದಲ್ಲಿಯೇ ಹೇಳುವುದಾದರೆ, ಎಪ್ಪತ್ತು ಸಂಜೆಗಳ ಬೆಳಕಿನ ಬದಲು ಮೂರೂವರೆ ಸಂಜೆಗಳ ಬೆಳಕು. ಈವರೆಗೆ ಪ್ರಪಂಚದಲ್ಲಿ ತಯಾರಾದ ಅಲ್ಯೂಮಿನಿಯಮ್ಮಿನಲ್ಲಿ ಸುಮಾರು ಮುಕ್ಕಾಲು ಪಾಲು ಇಂದಿಗೂ ಒಂದಲ್ಲ ಒಂದು ರೂಪದಲ್ಲಿ ಬಳಕೆಯಲ್ಲಿದೆಯೆಂದು ಉದ್ಯಮದವರ ಅಂದಾಜು.

ಆದರೆ ಎಲ್ಲವೂ ಹೀಗೆ ಹಿಂದಿರುಗುವುದಿಲ್ಲ. ಮಾತ್ರೆಯ ಪಟ್ಟಿ, ಹಣ್ಣಿನ ರಸದ ಪೆಟ್ಟಿಗೆ, ತಿಂಡಿಯ ಪೊಟ್ಟಣಗಳಲ್ಲಿ ಕೂದಲಿಗಿಂತ ತೆಳುವಾದ ಅಲ್ಯೂಮಿನಿಯಂ ಹಾಳೆ ಪ್ಲಾಸ್ಟಿಕ್ಕು, ಕಾಗದಗಳಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದು ಬಹು ಪ್ರಯಾಸದ ಕೆಲಸ. ರೊಟ್ಟಿ, ಚಪಾತಿ ಸುತ್ತಿದ ಹಾಳೆಯನ್ನು ಎಂಜಲಿನೊಡನೆ ಮುದ್ದೆಮಾಡಿ ಎಸೆದರೆ ಅದೂ ಕಸದ ರಾಶಿಯಲ್ಲಿ ಕಳೆದುಹೋಗುತ್ತದೆ. ಊಟದ ಡಬ್ಬಿ ಇರುವಲ್ಲಿ ಆ ಹಾಳೆಯೇ ಬೇಕಾಗಿಲ್ಲ. ಬಳಸಿದ ಹಾಳೆ, ತಂಪುಪಾನೀಯದ ಡಬ್ಬಿಗಳನ್ನು ತೊಳೆದು ಬೇರೆಯಾಗಿ ಕೂಡಿಟ್ಟು ಕೊಟ್ಟರೆ ಲೋಹ ಉಳಿಯುತ್ತದೆ.

ಹಿಡಿ ಕಳಚಿದ ಬಾಣಲೆ, ತಳ ಸವೆದ ಡಬರಿ, ಹಳೆಯ ಕಿಟಕಿಯ ಚೌಕಟ್ಟು, ಗಾಸ್ಕೆಟ್ಟು ಸಿಗದ ಕುಕ್ಕರುಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ವರ್ಷಾನುಗಟ್ಟಲೆ ಧೂಳು ಕುಡಿಯುತ್ತ ಬಿದ್ದಿರುತ್ತವೆ. ಮುಂದಿನ ಭಾನುವಾರ ಬೀದಿಯಲ್ಲಿ ಗುಜರಿಯವನ ಕೂಗು ಕೇಳಿದಾಗ ಅವುಗಳನ್ನು ಕೆಳಗಿಳಿಸಿ ಅವನ ತಕ್ಕಡಿಗೆ ಹಾಕಬಹುದು. ಕೈಗೆ ಬರುವ ಹಣ ಅಲ್ಪವೇ ಇರಬಹುದು. ಆದರೆ ಹಾಗೆ ಹೋದ ಪ್ರತಿಯೊಂದು ಕಿಲೋಗ್ರಾಂ ಲೋಹವೂ, ಎಲ್ಲಿಯೋ ಒಂದು ಬೆಟ್ಟದಿಂದ ಅಗೆಯಬೇಕಾಗಿದ್ದ ನಾಲ್ಕು ಕಿಲೋಗ್ರಾಂ ಕಲ್ಲನ್ನು ಅಲ್ಲಿಯೇ ಉಳಿಸುತ್ತದೆ.